ಹಣೆಪಟ್ಟಿ ಕಟ್ಟುವವರು, ಹೊರುವವರು

ತಾನು ಯಾರು ಎಂಬುದನ್ನು ಯಾರೂ ಒಂಟಿಯಾಗಿ ಕೂತು ತೀರ್ಮಾನಿಸಿಕೊಳ್ಳುವುದಿಲ್ಲ. ಮನೆಯವರು ಕರೆಯುವ ಬಗೆ, ಬೀದಿಯವರು ಮಾತಾಡಿಸುವ ರೀತಿ, ಮೇಷ್ಟ್ರು ಹಾಜರಿ ಕೂಗುವ ದನಿ, ಅಂಗಡಿಯಾತ ಚಿಲ್ಲರೆಯನ್ನು ಕೈಗೆ ಕೊಡುತ್ತಾನೋ ಹಲಗೆಯ ಮೇಲೆ ಇಡುತ್ತಾನೋ ಎಂಬುದು, ಇವೆಲ್ಲ ಕೂಡಿ ಒಬ್ಬ ಮನುಷ್ಯನಿಗೆ ಅವನ ಗುರುತನ್ನು ಕೊಡುತ್ತವೆ. ಯಾವ ನಡೆ ಸರಿ, ಯಾವುದು ತಪ್ಪು, ತಪ್ಪಿತಸ್ಥ ಯಾರು ಎಂಬ ತೀರ್ಪೂ ಬಹುಮಟ್ಟಿಗೆ ಇದೇ ದಿನನಿತ್ಯದ ಒಡನಾಟದಲ್ಲಿ ರೂಪುಗೊಳ್ಳುತ್ತದೆ. ಸಮಾಜಶಾಸ್ತ್ರದಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಬೆಳೆದುಬಂದಿರುವ ಈ ವಿಚಾರಕ್ಕೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಸ್ಪಷ್ಟ ನಿದರ್ಶನಗಳಿವೆ. ಒಂದು ಪಟ್ಟಣ, ಒಂದು ಗಡಿಗ್ರಾಮ, ಒಂದು ಬುಡಕಟ್ಟು, ಒಂದು ಜಾತ್ರೆ ಇಲ್ಲಿ ಬೇರೆ ಬೇರೆ ಕಾಲದಲ್ಲಿ ಹಣೆಪಟ್ಟಿ ಹೊತ್ತಿವೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ ‘ಕನ್ನಡಿಯೊಳಗಿನ ನಾನು’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಎದುರಿನವರಿಗೆ ತಾನು ಹೇಗೆ ಕಾಣುತ್ತೇನೆ ಎಂದು ಮನುಷ್ಯ ಊಹಿಸುತ್ತಾನೆ, ಅವರು ಅದನ್ನು ಮೆಚ್ಚಿದರೋ ಹಳಿದರೋ ಎಂದು ಊಹಿಸುತ್ತಾನೆ, ಆ ಊಹೆಯಿಂದಲೇ ಹೆಮ್ಮೆಯನ್ನೋ ನಾಚಿಕೆಯನ್ನೋ ಪಡುತ್ತಾನೆ. ಜಾರ್ಜ್ ಹರ್ಬರ್ಟ್ ಮೀಡ್ ಇದನ್ನು ಇನ್ನಷ್ಟು ಬೆಳೆಸಿದರು. ಮಗು ಮೊದಲು ಅಮ್ಮನ ಹಾಗೆ, ಮೇಷ್ಟ್ರ ಹಾಗೆ ಆಟವಾಡಿ ಒಬ್ಬೊಬ್ಬರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳಲು ಕಲಿಯುತ್ತದೆ. ಬೆಳೆಯುತ್ತ ಇಡೀ ಸಮುದಾಯದ ಕಣ್ಣನ್ನು ಒಳಗಿಳಿಸಿಕೊಳ್ಳುತ್ತದೆ. ‘ನಾಕು ಜನ ಏನಂದಾರು’ ಎಂದು ಹಳ್ಳಿಯ ಹಿರಿಯರು ಎಚ್ಚರಿಸುವಾಗ ಆ ನಾಕು ಜನ ಯಾರೆಂದು ಯಾರೂ ಕೇಳುವುದಿಲ್ಲ. ಅವರು ಆಗಲೇ ಕೇಳಿಸಿಕೊಳ್ಳುವವನ ಮನಸ್ಸಿನೊಳಗೆ ಕೂತಿರುತ್ತಾರೆ. ಮೀಡ್ ಅವರ ಶಿಷ್ಯ ಹರ್ಬರ್ಟ್ ಬ್ಲೂಮರ್ 1937ರಲ್ಲಿ ಈ ಚಿಂತನೆಗೆ ಇಟ್ಟ ಹೆಸರು ಕನ್ನಡದಲ್ಲಿ ಸಾಂಕೇತಿಕ ಅಂತರಕ್ರಿಯಾವಾದ ಎಂದಾಗಿದೆ. ಜನ ವಸ್ತುಗಳೊಡನೆ, ಮನುಷ್ಯರೊಡನೆ ನಡೆದುಕೊಳ್ಳುವುದು ಅವುಗಳಿಗೆ ತಾವು ಕೊಟ್ಟ ಅರ್ಥದ ಮೇಲೆ. ಆ ಅರ್ಥ ಹುಟ್ಟುವುದು ಒಡನಾಟದಲ್ಲಿ. ಒಡನಾಟ ಬದಲಾದಂತೆ ಅರ್ಥವೂ ಬದಲಾಗುತ್ತದೆ. ಈ ವಾದದ ತಿರುಳು ಇಷ್ಟೇ.

ಈ ಭಾಗದ ಹಳ್ಳಿಗಳಲ್ಲಿ ಹೊಸಬರಿಗೆ ಎದುರಾಗುವ ಮೊದಲ ಪ್ರಶ್ನೆ ‘ಯಾವೂರು’, ಎರಡನೆಯದು ‘ಯಾರ ಮಗ’. ಎರಡಕ್ಕೂ ಉತ್ತರ ಸಿಕ್ಕ ಮೇಲೆ ಮಾತಿನ ಧಾಟಿ ನಿರ್ಧಾರವಾಗುತ್ತದೆ: ಬಹುವಚನವೋ ಏಕವಚನವೋ, ಜಗಲಿಯ ಮೇಲೆ ಕೂರುವುದೋ ಅಂಗಳದಲ್ಲಿ ನಿಲ್ಲುವುದೋ. ಜಮೀನಿನ ಒಡೆಯನನ್ನು ಆಳು ‘ಬುದ್ಧಿ’ ಎಂದು ಕರೆಯುವ, ಅದೇ ಒಡೆಯನ ಮನೆಯ ಹುಡುಗ ಎಪ್ಪತ್ತರ ಆಳನ್ನು ಹೆಸರು ಹಿಡಿದು ಕೂಗುವ ರೂಢಿ ಹಳೆಯ ಮೈಸೂರು ಸೀಮೆಯಲ್ಲಿ ಬಹುಕಾಲ ನಡೆದುಬಂತು. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿಯೂ ಇದೇ ಬಗೆಯದು. ಪ್ರತಿ ಸಲ ಆ ಲೋಟ ಕೈಗೆ ಬಂದಾಗಲೂ ಕುಡಿಯುವವನ ಜಾಗ ಯಾವುದೆಂದು ಒಂದು ಮಾತೂ ಆಡದೆ ಹೇಳಿದಂತಾಗುತ್ತದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ದಶಕಗಳೇ ಕಳೆದಿದ್ದರೂ ಅದು ಉಸಿರು ಹಿಡಿದಿರುವುದು ಇಂಥ ಸಣ್ಣ ನಡವಳಿಕೆಗಳಲ್ಲಿ.

ಹೆಣ್ಣಿನ ಗುರುತೂ ಹೀಗೆಯೇ ರೂಪುಗೊಂಡದ್ದು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆ ಅಡಕೆಯ ಸಂಚಿಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮ ಯಳಂದೂರಿನವಳು. ಅವಳ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿ ರಚಿತವಾದ ಕೃತಿ. ಗೃಹಿಣಿ ಹೇಗಿರಬೇಕೆಂದು ಸಮಾಜ ಬಯಸುತ್ತದೋ ಅದನ್ನೇ ಅವಳು ಬೋಧಿಸುತ್ತಾಳೆ. ಅದರ ನಡುವೆಯೇ ಹೆಣ್ಣುಮಗು ಎಂದು ಹೀನಾಯ ಮಾಡುವವರ ಅಜ್ಞಾನವನ್ನು ನೇರವಾಗಿ ಪ್ರಶ್ನಿಸುತ್ತಾಳೆ. ಪಾತ್ರವನ್ನು ಒಪ್ಪಿಕೊಂಡೂ ಅದಕ್ಕೆ ಅಂಟಿದ ಅವಮಾನವನ್ನು ಒಪ್ಪದಿರುವುದು ಸಾಧ್ಯ ಎಂಬುದಕ್ಕೆ ಮುನ್ನೂರು ವರ್ಷ ಹಿಂದಿನ ಸಾಕ್ಷ್ಯ ಇದು.

ಗುರುತಿನ ಇನ್ನೊಂದು ಮುಖ ವಿಚಲನೆ, ಅಂದರೆ ಸಮಾಜದ ಕಟ್ಟಳೆ ಮೀರಿದ ನಡೆ. ಹೊವಾರ್ಡ್ ಬೆಕರ್ 1963ರಲ್ಲಿ ಪ್ರಕಟಿಸಿದ ‘ಔಟ್‌ಸೈಡರ್ಸ್’ ಕೃತಿಯಲ್ಲಿ ಇದರ ವಿವರಣೆಯನ್ನೇ ತಿರುಗಿಸಿ ಹಾಕಿದರು. ಯಾವ ಕೃತ್ಯವೂ ತನ್ನಷ್ಟಕ್ಕೆ ವಿಚಲನೆ ಎನಿಸುವುದಿಲ್ಲ. ಒಂದು ಗುಂಪು ನಿಯಮ ಮಾಡಿ, ಅದನ್ನು ಕೆಲವರಿಗೆ ಅನ್ವಯಿಸಿ, ಅವರನ್ನು ಹೊರಗಿನವರೆಂದು ಕರೆದಾಗ ವಿಚಲನೆ ಹುಟ್ಟುತ್ತದೆ ಎಂದು ಅವರು ವಾದಿಸಿದರು. ಎಡ್ವಿನ್ ಲೆಮರ್ಟ್ 1951ರಲ್ಲೇ ಎರಡು ಹಂತಗಳನ್ನು ಗುರುತಿಸಿದ್ದರು. ಮೊದಲ ತಪ್ಪು ಯಾರಿಂದಲಾದರೂ, ಯಾವ ಕಾರಣಕ್ಕಾದರೂ ಆಗಬಹುದು. ಆದರೆ ‘ಕಳ್ಳ’ ಎಂಬ ಹೆಸರು ಬಿದ್ದ ಮೇಲೆ ಕೆಲಸ ಸಿಗದೆ, ನಂಟು ಕೂಡದೆ, ಆ ಹೆಸರಿಗೆ ತಕ್ಕ ಬದುಕಿಗೇ ಒಬ್ಬ ಇಳಿದರೆ ಅದು ಎರಡನೆಯ ಹಂತ. ಇದಕ್ಕೆ ಸಮಾಜವೂ ಅರ್ಧ ಹೊಣೆ.

ಒಂದೇ ನಡೆಗೆ ಎರಡು ಕಡೆ ಎರಡು ತೀರ್ಪು ಬರುವುದಕ್ಕೆ ಮದುವೆಯ ಉದಾಹರಣೆಯೊಂದೇ ಸಾಕು. ಬಯಲಿನ ಹಳ್ಳಿಗಳಲ್ಲಿ ಹುಡುಗ ಹುಡುಗಿ ಮನೆಯವರಿಗೆ ತಿಳಿಸದೆ ಓಡಿಹೋದರೆ ಮನೆತನದ ಮಾನ ಹೋಯಿತೆಂದು ಗೋಳು ಏಳುತ್ತದೆ. ಜಾತಿಯೂ ಬೇರೆಯಾಗಿದ್ದರೆ ಕುಲದ ಯಜಮಾನರು ಸೇರಿ ದಂಡ ಹಾಕುತ್ತಾರೆ, ಕೊಡುಕೊಳ್ಳುವುದನ್ನು ನಿಲ್ಲಿಸಿ ಕುಲದಿಂದ ಹೊರಗಿಡುತ್ತಾರೆ. ಅಲ್ಲಿಂದ ಕೆಲವೇ ಮೈಲಿ ದೂರದ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ (ಹಾಡಿಗಳಲ್ಲಿ), ಒಪ್ಪಿದ ಜೋಡಿ ಕಾಡಿಗೆ ಓಡಿಹೋಗಿ ಕೆಲದಿನ ಬಿಟ್ಟು ಮರಳುವುದು ಮದುವೆಯಾಗುವ ಹಳೆಯ ದಾರಿಗಳಲ್ಲೊಂದು. ಹಿರಿಯರು ಪಂಚಾಯ್ತಿ ಸೇರಿ ಸಣ್ಣ ತಪ್ಪುದಂಡ ಹಾಕಿ, ಊಟ ಹಾಕಿಸಿ ಅವರನ್ನು ಗಂಡಹೆಂಡಿರೆಂದು ಒಪ್ಪಿಕೊಳ್ಳುತ್ತಾರೆ. ಓಟ ಎರಡೂ ಕಡೆ ಒಂದೇ. ಒಂದು ಕಡೆ ಅದು ಕಳಂಕ, ಇನ್ನೊಂದು ಕಡೆ ಸಂಸಾರದ ಆರಂಭ.

ಹಣೆಪಟ್ಟಿ ವ್ಯಕ್ತಿಗೆ ಮಾತ್ರವಲ್ಲ, ಊರಿಗೂ ಅಂಟುತ್ತದೆ. ಕೊಳ್ಳೇಗಾಲ ರೇಷ್ಮೆ ನೇಯ್ಗೆಗೆ ಹೆಸರಾದ ಪಟ್ಟಣ. ಶಿವನಸಮುದ್ರದ ಭರಚುಕ್ಕಿ ಜಲಪಾತ ಇರುವುದು ಇದೇ ತಾಲ್ಲೂಕಿನಲ್ಲಿ. ಆದರೂ ನಾಡಿನ ಬೇರೆ ಭಾಗಗಳಲ್ಲಿ ಕೊಳ್ಳೇಗಾಲ ಎಂದೊಡನೆ ಬಹಳ ಜನರ ಬಾಯಿಗೆ ಬರುವುದು ಮಾಟ ಮಂತ್ರ. ಸಿನಿಮಾ ಸಂಭಾಷಣೆ, ಹರಟೆ, ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಜ್ಯೋತಿಷಿಗಳ ಚೀಟಿ, ಎಲ್ಲವೂ ಸೇರಿ ಈ ಮಾತನ್ನು ಪೀಳಿಗೆಯಿಂದ ಪೀಳಿಗೆಗೆ ದಾಟಿಸಿವೆ. ಓದಲೋ ಕೆಲಸಕ್ಕೋ ಬೆಂಗಳೂರಿಗೆ ಹೋದ ಈ ಊರಿನ ಹುಡುಗ ಹುಡುಗಿಯರು ತಮ್ಮೂರ ಹೆಸರು ಹೇಳಿದಾಗ ಎದುರಿನವರು ಹುಬ್ಬೇರಿಸುವುದು, ‘ನಿಮಗೂ ಬರುತ್ತಾ’ ಎಂದು ಕೇಳುವುದು ಸಾಮಾನ್ಯ. ಕೆಲವರು ನಕ್ಕು ಸುಮ್ಮನಾಗುತ್ತಾರೆ, ಕೆಲವರು ವಾದಿಸುತ್ತಾರೆ, ಇನ್ನು ಕೆಲವರು ಮುಂದಿನ ಸಲ ‘ಮೈಸೂರು ಕಡೆ’ ಎಂದಷ್ಟೇ ಹೇಳುತ್ತಾರೆ. ಎರ್ವಿಂಗ್ ಗಾಫ್‌ಮನ್ ಕಳಂಕವನ್ನು ಕುರಿತು 1963ರಲ್ಲಿ ಬರೆದ ಪುಸ್ತಕದಲ್ಲಿ ವಿವರಿಸಿದ್ದು ಇಂಥ ನಡೆಯನ್ನೇ: ಕಳಂಕ ಹೊತ್ತವರು ತಮ್ಮ ಬಗೆಗಿನ ಮಾಹಿತಿಯನ್ನು ಯಾರಿಗೆ, ಎಷ್ಟು, ಯಾವಾಗ ಹೇಳಬೇಕೆಂದು ಸದಾ ಲೆಕ್ಕ ಹಾಕುತ್ತಿರಬೇಕಾಗುತ್ತದೆ.

ಇಂಥ ಹೆಸರು ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಶಕ್ತಿಯನ್ನೂ ಪಡೆಯುತ್ತದೆ. ಜನ ಒಂದು ಸನ್ನಿವೇಶವನ್ನು ನಿಜವೆಂದು ನಂಬಿದರೆ ಅದರ ಪರಿಣಾಮಗಳೂ ನಿಜವಾಗುತ್ತವೆ ಎಂಬುದು ಡಬ್ಲ್ಯು.ಐ. ಥಾಮಸ್ ಮತ್ತು ಡೊರೊತಿ ಥಾಮಸ್ 1928ರಲ್ಲಿ ಮಂಡಿಸಿದ ಸೂತ್ರ. ಕೊಳ್ಳೇಗಾಲದಲ್ಲಿ ಮಾಟ ತೆಗೆಯುವವರಿದ್ದಾರೆಂದು ನಂಬಿ ದೂರದಿಂದ ಗಿರಾಕಿ ಹುಡುಕಿಕೊಂಡು ಬಂದರೆ, ಆ ನಂಬಿಕೆಯಿಂದ ಹೊಟ್ಟೆ ಹೊರೆಯುವವರೂ ಹುಟ್ಟಿಕೊಳ್ಳುತ್ತಾರೆ. ಎಲ್ಲೋ ಕೂತವರು ಊರಿನ ಹೆಸರನ್ನು ತಮ್ಮ ಫಲಕದಲ್ಲಿ ಹಾಕಿಕೊಳ್ಳುತ್ತಾರೆ. ಅದನ್ನು ಕಂಡವರು ಹಳೆಯ ಮಾತು ನಿಜವೇ ಎನ್ನುತ್ತಾರೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯಲು ರಾಜ್ಯ 2017ರಲ್ಲಿ ರೂಪಿಸಿದ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಅದು ವಂಚನೆ, ಹಿಂಸೆಗಳನ್ನು ಶಿಕ್ಷಿಸಬಲ್ಲದು. ಊರಿಗೆ ಅಂಟಿದ ಹೆಸರನ್ನು ಕಳೆಯುವುದು ಕಾನೂನಿನ ಕೈಯಲ್ಲಿಲ್ಲ, ಮಾತಾಡುವವರ ಕೈಯಲ್ಲಿದೆ.

ಹಣೆಪಟ್ಟಿಯ ಹಿಂದೆ ಸರ್ಕಾರದ ಬಲವೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಹನೂರು ತಾಲ್ಲೂಕಿನ ಗಡಿಗ್ರಾಮಗಳ ಅನುಭವ ಸಾಕ್ಷಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಅದರಿಂದ ಬೇರ್ಪಟ್ಟು ತಾಲ್ಲೂಕಾದದ್ದು ಇತ್ತೀಚೆಗೆ. ತಮಿಳುನಾಡಿಗೆ ಅಂಟಿಕೊಂಡ ಗೋಪಿನಾಥಂನಲ್ಲಿ ತಮಿಳು ಮನೆಮಾತಿನವರೇ ಹೆಚ್ಚು. ಕಾಡುಗಳ್ಳ ವೀರಪ್ಪನ್ ಹುಟ್ಟಿದ್ದು ಆ ಊರಲ್ಲಿ. ಅವನ ಗುಂಪಿನ ಕ್ರೌರ್ಯ ಬರೀ ಮಾತಿನ ಸೃಷ್ಟಿಯಲ್ಲ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ, 1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ, ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ಬಲಿ, 1993ರ ಏಪ್ರಿಲ್‌ನಲ್ಲಿ ಪಾಲಾರ್ ನೆಲಬಾಂಬ್ ಸ್ಫೋಟ, 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ, ಡಿಸೆಂಬರ್‌ನಲ್ಲಿ ಅವರ ಶವ ಪತ್ತೆ. ಈ ಸಾವುಗಳು ನಿಜ, ಆ ಮನೆಗಳ ದುಃಖ ನಿಜ.

ಅನ್ಯಾಯ ಶುರುವಾದದ್ದು ಅಪರಾಧಿಯ ಹೆಸರು ಅವನ ಊರಿಗೂ ಭಾಷೆಗೂ ಜಾತಿಗೂ ಹರಡಿದಾಗ. ಅಕ್ಕಿ ಮೂಟೆ ಹೊತ್ತು ಹೋಗುವುದು, ದನ ಮೇಯಿಸಲು ಕಾಡಿಗೆ ಹೋಗುವುದು, ರಾತ್ರಿ ಮನೆಗೆ ತಡವಾಗಿ ಬರುವುದು ಮುಂತಾದ ದಿನನಿತ್ಯದ ಕೆಲಸಗಳಿಗೆಲ್ಲ ಹೊಸ ಅರ್ಥ ಬಂತು. ಪೊಲೀಸರ ಕಣ್ಣಿಗೆ ಗ್ರಾಮಸ್ಥ ವೀರಪ್ಪನ್‌ಗೆ ಊಟ ಕೊಡುವವನು. ವೀರಪ್ಪನ್ ಕಣ್ಣಿಗೆ ಅದೇ ಗ್ರಾಮಸ್ಥ ಪೊಲೀಸರಿಗೆ ಸುಳಿವು ಕೊಡುವವನು. ಮಾಹಿತಿದಾರರೆಂಬ ಸಂಶಯಕ್ಕೆ ಕಾಡಿನಲ್ಲಿ ಕೊಲೆಯಾದವರಿದ್ದಾರೆ, ಬೆಂಬಲಿಗರೆಂಬ ಸಂಶಯಕ್ಕೆ ಲಾಕಪ್ಪಿನಲ್ಲಿ ನರಳಿದವರಿದ್ದಾರೆ. ಎರಡು ಹಣೆಪಟ್ಟಿಗಳಲ್ಲಿ ಯಾವುದನ್ನೂ ಅವರು ಆರಿಸಿಕೊಂಡಿರಲಿಲ್ಲ.

ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಬಂಧಿತರಾಗಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿಯನ್ನು 2001ರಲ್ಲಿ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು. ವೀರಪ್ಪನ್‌ನನ್ನು ಹಿಡಿಯಲು ರಚಿಸಿದ್ದ ವಿಶೇಷ ಕಾರ್ಯಪಡೆಯ ದೌರ್ಜನ್ಯದ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಕರ್ನಾಟಕ, ತಮಿಳುನಾಡು ಎರಡೂ ಕಡೆಯ ಹಳ್ಳಿಗರು ಅದರ ಮುಂದೆ ಹೇಳಿಕೆ ಕೊಟ್ಟರು. ಮಲೆ ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ಅನುಭವಿಸಿದ ಚಿತ್ರಹಿಂಸೆಯ ವಿವರಗಳೂ ಅಲ್ಲಿ ದಾಖಲಾದವು. 2007ರಲ್ಲಿ ಆಯೋಗ 89 ಮಂದಿ ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಖುಲಾಸೆಯಾದವರ ಬದುಕು ಅಲ್ಲಿಗೆ ಸರಿಹೋಗಲಿಲ್ಲ ಏಕೆ ಎಂಬುದಕ್ಕೆ ಹೆರಾಲ್ಡ್ ಗಾರ್ಫಿಂಕೆಲ್ 1956ರಲ್ಲಿ ಬರೆದ ಲೇಖನದ ವಿಚಾರ ಉತ್ತರ ಕೊಡುತ್ತದೆ. ಒಬ್ಬನನ್ನು ಕೀಳುಮಾಡಲು ಸಮಾಜದ ಬಳಿ ವಿಧಿಗಳಿವೆ: ಬಂಧನ, ಬೇಡಿ, ಕಟಕಟೆ, ಪತ್ರಿಕೆಯಲ್ಲಿ ಫೋಟೊ. ಎಲ್ಲವೂ ನಾಕು ಜನರ ಮುಂದೆ ನಡೆಯುತ್ತವೆ. ಅವನ ಮಾನವನ್ನು ಮರಳಿ ಕೊಡಲು ಅಷ್ಟೇ ಬಹಿರಂಗವಾದ ವಿಧಿ ಇಲ್ಲ. ಜೀಪಿನಲ್ಲಿ ಹತ್ತಿಸಿಕೊಂಡು ಹೋದದ್ದನ್ನು ಇಡೀ ಊರು ನೋಡಿರುತ್ತದೆ; ಬಿಡುಗಡೆಯಾದವನು ಬಸ್ಸಿನಲ್ಲಿ ಒಬ್ಬನೇ ಬಂದು ಇಳಿಯುತ್ತಾನೆ. ಗೋಪಿನಾಥಂನ ಇನ್ನೊಂದು ಮುಖವಂತೂ ಹೊರಗಿನವರಿಗೆ ತಲುಪಿದ್ದೇ ಕಡಿಮೆ. ಅಲ್ಲೇ ಬಿಡಾರ ಹೂಡಿ ಔಷಧಿಯ ಏರ್ಪಾಡು ಮಾಡಿ, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ ಶ್ರೀನಿವಾಸ್ ಅವರನ್ನು ಗ್ರಾಮಸ್ಥರು ಇಂದಿಗೂ ಪೂಜ್ಯಭಾವದಿಂದ ನೆನೆಯುತ್ತಾರೆ. ವೀರಪ್ಪನ್ ಊರೆಂದು ಜಗತ್ತು ಕರೆಯುವ ಊರು ಅವನಿಂದ ಹತನಾದ ಅಧಿಕಾರಿಯನ್ನು ಗೌರವಿಸುತ್ತದೆ ಎಂಬುದು ಹಣೆಪಟ್ಟಿಯಲ್ಲಿ ಹಿಡಿಸದ ಸತ್ಯ.

ಮೂರನೆಯ ನಿದರ್ಶನದಲ್ಲಿ ಜನರ ನಡೆ ಹಾಗೇ ಇದ್ದು ನಿಯಮ ಮಾತ್ರ ಬದಲಾಯಿತು. ಸೋಲಿಗರು ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಮೂಲನಿವಾಸಿಗಳು. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು ಎಂಬ ಕಥೆಯಿಂದ ಬಿಳಿಗಿರಿ ರಂಗಯ್ಯ ಅವರಿಗೆ ಭಾವನಾಗಬೇಕು; ದೇವರನ್ನು ಅವರು ಮಾತಾಡಿಸುವುದೂ ಹಾಗೆಯೇ. ಕಾಡಿನಲ್ಲಿ ಅವರ ಕುಲಗಳಿಗೆ ಸೇರಿದ ಎಲ್ಲೆಗಳಿವೆ. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳಿವೆ. ಕಾಡು ಸವರಿ ಸುಟ್ಟು ಬಿತ್ತುವ ಕುಂಬರಿ ಬೇಸಾಯ, ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹ, ಬೇಸಿಗೆಗೆ ಮುನ್ನ ನೆಲದ ತರಗೆಲೆ ಸುಡುವ ತರಗು ಬೆಂಕಿ, ಇವು ಅವರ ಬಾಳುವೆಯ ಭಾಗವಾಗಿದ್ದವು.

1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು ವನ್ಯಜೀವಿಧಾಮವಾಯಿತು. ಕುಂಬರಿ ನಿಂತಿತು, ಒಳಗಿನ ಪೋಡುಗಳು ರಸ್ತೆಬದಿಗೆ ಬಂದವು, ತರಗು ಬೆಂಕಿ ಅಪರಾಧವಾಯಿತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಬಳಿಕ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದಕ್ಕೂ ತಡೆ ಬಿತ್ತು. ಅಪ್ಪ ಜೇನು ಕಿತ್ತರೆ ಕಸುಬು, ಮಗ ಕಿತ್ತರೆ ಕಳವು ಎಂಬಂತಾಯಿತು. ಕಾಡಿನೊಳಗೆ ಹುಟ್ಟಿದವರು ದಾಖಲೆಯಲ್ಲಿ ಒತ್ತುವರಿದಾರರಾದರು. ಬೆಂಕಿ ನಿಂತ ಮೇಲೆ ಲಂಟಾನ ಪೊದೆ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತ ಬಂದರು. ಕಾಡು ಸುಡುವವರೆಂಬ ಹೆಸರಿದ್ದವರ ಮಾತು ಬಹುಕಾಲ ಕಿವಿಗೆ ಬೀಳಲಿಲ್ಲ. ಹಣೆಪಟ್ಟಿ ಮಾನವನ್ನು ಕಳೆಯುವುದರ ಜೊತೆಗೆ ತಿಳಿವಳಿಕೆಯ ಬೆಲೆಯನ್ನೂ ಕಳೆಯುತ್ತದೆ. ಮುಂದೆ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಸೋಲಿಗರೊಡನೆ ಕೂಡಿ ಈ ತಿಳಿವಳಿಕೆಯನ್ನು ದಾಖಲಿಸಿದರು, ಎಲ್ಲೆಗಳ ಪವಿತ್ರ ತಾಣಗಳ ನಕ್ಷೆ ತಯಾರಿಸಿದರು.

ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಕಾಡಿನ ಜನರಿಗೆ ಆದದ್ದು ಐತಿಹಾಸಿಕ ಅನ್ಯಾಯವೆಂದು ಅದರ ಪೀಠಿಕೆಯೇ ಒಪ್ಪಿಕೊಂಡಿದೆ. 2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಇದರ ಹಿಂದೆ ಸೋಲಿಗರ ಸಂಘಟನೆಯ ಶ್ರಮವಿದೆ, ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿ ಬೆಳೆದ ಪೀಳಿಗೆಯ ಪಾತ್ರವಿದೆ. ಅರ್ಜಿ ಹಾಕುವ, ಗ್ರಾಮಸಭೆಯಲ್ಲಿ ಎದ್ದು ಮಾತಾಡುವ, ಅಧಿಕಾರಿಯ ಎದುರು ಕುರ್ಚಿಯಲ್ಲಿ ಕೂರುವ ಅನುಭವದಿಂದ ‘ಒತ್ತುವರಿದಾರ’ ಎಂಬ ಗುರುತು ‘ಹಕ್ಕುದಾರ’ ಎಂಬುದಕ್ಕೆ ದಾರಿ ಬಿಟ್ಟಿತು.

ನಾಲ್ಕನೆಯ ನಿದರ್ಶನ ಇದೇ ಭಾಗದ ಚಿಕ್ಕಲ್ಲೂರು. ಬನದ ಹುಣ್ಣಿಮೆಯ ಚಂದ್ರಮಂಡಲೋತ್ಸವದಿಂದ ಆರಂಭವಾಗುವ ಸಿದ್ದಪ್ಪಾಜಿ ಜಾತ್ರೆ ಐದು ದಿನ ನಡೆಯುತ್ತದೆ. ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಪರಂಪರೆಯ ಕಾವ್ಯ ಹಣೆಪಟ್ಟಿಯ ಪ್ರಶ್ನೆಯನ್ನೇ ಕಥೆಯಾಗಿಸಿದೆ. ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಹೋಗುವುದು ರೋಗ ಹಿಡಿದ, ಹೇಸಿಗೆ ಹುಟ್ಟಿಸುವ ರೂಪದಲ್ಲಿ. ಸಮಾನತೆ ಸಾರಿದವರ ಬಾಗಿಲಲ್ಲೇ ಅವನಿಗೆ ತಿರಸ್ಕಾರ ಕಾದಿರುತ್ತದೆ. ಹೊರಗೆ ತಳ್ಳಲ್ಪಟ್ಟವನೇ ಗುರುವೆಂದು ಕೊನೆಗೆ ತಿಳಿಯುತ್ತದೆ. ಈ ಕಥೆಯನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ನೀಲಗಾರರಲ್ಲಿ ದಲಿತರೂ ಹಿಂದುಳಿದ ಜಾತಿಗಳವರೂ ಹೆಚ್ಚು. ದೀಕ್ಷೆಯಾದ ದಿನದಿಂದ ನೀಲಗಾರನಿಗೆ ಜನ ನಮಸ್ಕರಿಸುತ್ತಾರೆ, ಅವನ ಜೋಳಿಗೆಗೆ ಭಿಕ್ಷೆ ನೀಡುತ್ತಾರೆ. ಗಾರ್ಫಿಂಕೆಲ್ ವಿವರಿಸಿದ ವಿಧಿಗೆ ಇದು ಪೂರ್ತಿ ಎದುರು ದಿಕ್ಕಿನದು: ನಾಕು ಜನರ ಮುಂದೆ ಮನುಷ್ಯನನ್ನು ಮೇಲೆತ್ತುವ ವಿಧಿ.

ಜಾತ್ರೆಯ ಪಂಕ್ತಿಸೇವೆಯಲ್ಲಿ ಭಕ್ತರು ಬಿಡಾರದಲ್ಲೇ ಮಾಂಸದಡುಗೆ ಮಾಡಿ, ಸಿದ್ದಪ್ಪಾಜಿಗೆ ಎಡೆಯಿಟ್ಟು, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುತ್ತಾರೆ. ಕಳೆದ ದಶಕದಲ್ಲಿ ಜಿಲ್ಲಾಡಳಿತ 1959ರ ಪ್ರಾಣಿಬಲಿ ತಡೆ ಕಾಯ್ದೆಯಡಿ ಇದಕ್ಕೆ ನಿರ್ಬಂಧ ಹೇರಿತು; ಜಾತ್ರೆಗೆ ಬರುವ ದಾರಿಯಲ್ಲಿ ತಪಾಸಣೆ ನಡೆಯಿತು. ಇಲ್ಲಿ ನಡೆಯುವುದು ಬಲಿಯಲ್ಲ, ಸಹಭೋಜನ ಎಂದು ನೀಲಗಾರರು, ಭಕ್ತರು, ಹೋರಾಟಗಾರರು ಪ್ರತಿವಾದ ಹೂಡಿದರು. ಪ್ರಾಣಿಹಿಂಸೆಯ ಬಗ್ಗೆ ಕಾಳಜಿ ಇರುವವರ ಮಾತಿಗೂ ಬೆಲೆಯಿದೆ. ಆದರೆ ಮನೆಯಲ್ಲಿ ಉಂಡರೆ ಊಟವೆನಿಸುವುದು ಜಾತ್ರೆಯಲ್ಲಿ ಉಂಡರೆ ಅಪರಾಧವೆನಿಸುವುದು ಯಾರ ತೀರ್ಮಾನದಿಂದ ಎಂಬ ಪ್ರಶ್ನೆಯನ್ನು ಚಿಕ್ಕಲ್ಲೂರಿನ ಭಕ್ತರು ಎತ್ತಿದರು. ಬೆಕರ್ ಎತ್ತಿದ್ದೂ ಇದೇ ಪ್ರಶ್ನೆ.

ಈ ಸಿದ್ಧಾಂತಕ್ಕೆ ಮಿತಿಗಳೂ ಇವೆ. ಮೊದಲ ತಪ್ಪು ಏಕೆ ನಡೆಯುತ್ತದೆ ಎಂಬುದನ್ನು ಅದು ಅಷ್ಟಾಗಿ ವಿವರಿಸುವುದಿಲ್ಲ. ಕೊಲೆಯನ್ನು ಕೊಲೆಯೆಂದು ಕರೆಯುವುದು ಬರೀ ಹಣೆಪಟ್ಟಿಯಲ್ಲ. ಪಾಲಾರ್‌ನಲ್ಲಿ ಸತ್ತವರ ಮನೆಯವರಿಗೆ ಅದು ನ್ಯಾಯದ ಮೊದಲ ಹೆಜ್ಜೆ. ಎದುರುಬದುರು ಮಾತುಕತೆಯ ಮೇಲೆಯೇ ಕಣ್ಣಿಟ್ಟರೆ ಜಮೀನು, ಜಾತಿ, ಪೊಲೀಸ್ ಬಲ ಮುಂತಾದ ದೊಡ್ಡ ಶಕ್ತಿಗಳು ಮರೆಗೆ ಸರಿಯುವ ಅಪಾಯವಿದೆ. ಹೆಸರಿಡುವ ಅಧಿಕಾರ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಸೋಲಿಗನನ್ನು ಕಳ್ಳನೆನ್ನಲು ಇಲಾಖೆಗೆ ಒಂದು ಆದೇಶ ಸಾಕಾಯಿತು, ಅದನ್ನು ಅಳಿಸಲು ಸೋಲಿಗರಿಗೆ ಮೂರೂವರೆ ದಶಕ ಬೇಕಾಯಿತು.

ಈ ಮಿತಿಗಳ ನಡುವೆಯೂ ಸಿದ್ಧಾಂತದ ಪ್ರಯೋಜನ ದೊಡ್ಡದು. ಒಡನಾಟದಲ್ಲಿ ಹುಟ್ಟಿದ್ದನ್ನು ಒಡನಾಟದಲ್ಲೇ ತಿದ್ದಬಹುದು ಎಂದು ಅದು ತೋರಿಸಿಕೊಡುತ್ತದೆ. ಮೂರು ತಾಲ್ಲೂಕುಗಳ ಅನುಭವದಿಂದ ತಿದ್ದುವ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು ಕಾನೂನು ಮತ್ತು ವಿಚಾರಣೆ: ಸದಾಶಿವ ಸಮಿತಿಯಂತೆ ನೊಂದವರ ಹೇಳಿಕೆಯನ್ನು ದಾಖಲೆಗೆ ತರುವುದು, ಅರಣ್ಯ ಹಕ್ಕಿನಂತೆ ಹಳೆಯ ಅನ್ಯಾಯವನ್ನು ಒಪ್ಪಿಕೊಳ್ಳುವುದು. ಎರಡನೆಯದು ಸಂಘಟನೆ ಮತ್ತು ಕಲೆ: ಹಣೆಪಟ್ಟಿ ಹೊತ್ತವರೇ ತಮ್ಮ ಕಥೆಯನ್ನು ನಾಕು ಜನರ ಮುಂದೆ ಹೇಳುವುದು, ಹಾಡುವುದು. ಮೂರನೆಯದಕ್ಕೆ ಕಾಯ್ದೆಯೂ ಬೇಡ, ಸಂಘವೂ ಬೇಡ. ಕೊಳ್ಳೇಗಾಲದವರೆಂದು ತಿಳಿದಾಗ ಮಾಟದ ಮಾತೆತ್ತದಿರುವುದು, ಖುಲಾಸೆಯಾಗಿ ಬಂದವನನ್ನು ಮದುವೆಗೆ ಕರೆಯುವುದು, ವಯಸ್ಸಾದ ಆಳನ್ನು ಬಹುವಚನದಲ್ಲಿ ಮಾತಾಡಿಸುವುದು, ಎಲ್ಲರಿಗೂ ಒಂದೇ ಲೋಟದಲ್ಲಿ ಟೀ ಕೊಡುವುದು ಪ್ರತಿಯೊಬ್ಬರಿಂದಲೂ ಇಂದೇ ಆಗುವ ಕೆಲಸ. ಮೊದಲ ಎರಡು ದಾರಿಗಳ ಗೆಲುವು ಬಾಳುವುದೂ ಈ ಮೂರನೆಯದರಿಂದಲೇ. ನ್ಯಾಯಾಲಯ ನಿರ್ದೋಷಿ ಎಂದವನನ್ನು ಊರು ನಿರ್ದೋಷಿಯಂತೆ ನಡೆಸಿಕೊಂಡಾಗ ಮಾತ್ರ ಆ ತೀರ್ಪು ಪೂರ್ತಿ ಜಾರಿಯಾದಂತೆ.